‘ಅಡ್ಮಿನ್ ನಾನೇ, ಆದರೂ ಸೇವ್ ಆಗುತ್ತಿಲ್ಲ’: ಹೋಸ್ಟ್ಸ್ ಫೈಲ್ ತಿದ್ದುವಾಗಿನ ಪರ್ಮಿಷನ್ ತಕರಾರು

ಓದುಗರ ಪ್ರಶ್ನೆ:

ನಮಸ್ಕಾರ ಸರ್. ಡೊಂಬಿವಲಿ ಈಸ್ಟ್‌ನಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲ್. ಕ್ಯಾಶ್ ಕೌಂಟರ್‌ನಲ್ಲಿ ಒಂದು ಕಂಪ್ಯೂಟರ್, ಮಾಳಿಗೆಯ ಆಫೀಸಿನಲ್ಲಿ ಇನ್ನೊಂದು. ಬಿಲ್ಲಿಂಗ್ ಡೇಟಾ ಇರುವುದು ಮೇಲಿನದರಲ್ಲಿ. ಸಾಫ್ಟ್‌ವೇರ್‌ನವರು ಹೊಸ ವರ್ಷನ್ ಹಾಕಿಕೊಟ್ಟು, ಕೌಂಟರ್ ಕಂಪ್ಯೂಟರ್‌ನ ಹೋಸ್ಟ್ಸ್ ಫೈಲಿನಲ್ಲಿ 192.168.1.20 ಎಂದು ಬರೆದು ಮುಂದೆ ‘ಬಿಲ್‌ಸರ್ವರ್’ ಎಂದು ಸೇರಿಸಿ ಅಂತ ಫೋನಿನಲ್ಲಿ ಹೇಳಿದರು. ನೋಟ್‌ಪ್ಯಾಡ್‌ನಲ್ಲಿ ತೆರೆದು ಬರೆದೆ. ಸೇವ್ ಕೊಟ್ಟರೆ ‘ಇಲ್ಲಿ ಸೇವ್ ಮಾಡಲು ನಿಮಗೆ ಪರ್ಮಿಷನ್ ಇಲ್ಲ, ಅಡ್ಮಿನಿಸ್ಟ್ರೇಟರ್‌ರನ್ನು ಸಂಪರ್ಕಿಸಿ’ ಎನ್ನುತ್ತದೆ. ಕಂಪ್ಯೂಟರ್‌ನಲ್ಲಿ ಇರುವುದು ನನ್ನ ಅಕೌಂಟ್ ಒಂದೇ, ಅದು ಅಡ್ಮಿನಿಸ್ಟ್ರೇಟರ್ ಎಂದೇ ತೋರಿಸುತ್ತದೆ. ‘ಯೆಸ್-ನೋ’ ಕೇಳುವ ಸೆಟ್ಟಿಂಗ್ ಅನ್ನು ಪೂರ್ತಿ ಕೆಳಗೆ ಇಳಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಡೆಸ್ಕ್‌ಟಾಪ್‌ನಲ್ಲಿ ಸೇವ್ ಮಾಡಿ, ಕಟ್ ಮಾಡಿ ಆ ಫೋಲ್ಡರ್‌ನಲ್ಲಿ ಪೇಸ್ಟ್ ಮಾಡಿದೆ. ‘ಕಂಟಿನ್ಯೂ’ ಒತ್ತಿದ ಮೇಲೆ ಒಳಗೇನೋ ಹೋಯಿತು, ಆದರೆ ಬಿಲ್ಲಿಂಗ್‌ಗೆ ಇನ್ನೂ ಸರ್ವರ್ ಸಿಗುತ್ತಿಲ್ಲ. ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಯವನು ‘ವೈರಸ್ ಇರಬಹುದು, ಸಿ ಡ್ರೈವ್ ಪೂರ್ತಿ ಓನರ್‌ಶಿಪ್ ತಗೊಂಡು ಎವ್ರಿವನ್‌ಗೆ ಫುಲ್ ಕಂಟ್ರೋಲ್ ಕೊಡಬೇಕು, ಇಲ್ಲದಿದ್ದರೆ ಫಾರ್ಮ್ಯಾಟ್’ ಎನ್ನುತ್ತಾನೆ. ಪುಣೆಯಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ, ಉಬುಂಟು ಲಿನಕ್ಸ್‌ನಲ್ಲಾದರೆ ಫೈಲಿಗೆ 777 ಪರ್ಮಿಷನ್ ಕೊಟ್ಟರೆ ಮುಗಿಯಿತು ಎನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ:

ಅಂಗಡಿಯವನ ಎರಡು ಸಲಹೆಯೂ ಬೇಡ, ಅಳಿಯನದ್ದೂ ಬೇಡ. ನೀವು ಬರೆದ ಲಕ್ಷಣಗಳಲ್ಲಿ ವೈರಸ್‌ನ ಸುಳಿವು ಇಲ್ಲ. ಹೋಸ್ಟ್ಸ್ ಫೈಲ್ ಎಂದರೆ ಯಾವ ಹೆಸರಿಗೆ ಯಾವ ಐಪಿ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್‌ನ ಸಂಖ್ಯೆಯ ವಿಳಾಸ) ಎಂದು ವಿಂಡೋಸ್ ನೋಡಿಕೊಳ್ಳುವ ಪಟ್ಟಿ. ಅದನ್ನು ಕಾಯುವಲ್ಲಿ ವಿಂಡೋಸ್ ತಾನು ಮಾಡಬೇಕಾದ್ದನ್ನೇ ಮಾಡುತ್ತಿದೆ. ನಿಮ್ಮಲ್ಲಿರುವುದು ಒಂದರ ಮೇಲೊಂದು ಕೂತ ಎರಡು ಬೇರೆ ಸಮಸ್ಯೆಗಳು: ಮೊದಲನೆಯದು ಸೇವ್ ಆಗದಿರುವುದು. ಎರಡನೆಯದು, ಕಟ್-ಪೇಸ್ಟ್ ಮಾಡಿ ಒಳಗೆ ಹಾಕಿದ ಫೈಲನ್ನು ವಿಂಡೋಸ್ ಓದದಿರುವುದು. ಎರಡಕ್ಕೂ ಸೇರಿ ಹತ್ತು ನಿಮಿಷದ ಕೆಲಸ.

ಮೊದಲು, ಅಡ್ಮಿನಿಸ್ಟ್ರೇಟರ್ ಆಗಿದ್ದೂ ಏಕೆ ಬೇಡ ಅನ್ನಿಸಿಕೊಂಡಿರಿ ಎಂಬುದು. ಎಕ್ಸ್‌ಪಿ ಕಾಲದಲ್ಲಿ ಮನೆ-ಅಂಗಡಿಗಳ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಎಲ್ಲರೂ ಅಡ್ಮಿನ್, ಅವರು ತೆರೆದ ಪ್ರತಿ ಪ್ರೋಗ್ರಾಮಿಗೂ ಅಡ್ಮಿನ್ ಅಧಿಕಾರ. ಹಾಗಾಗಿ ಮೇಲ್‌ನಲ್ಲಿ ಬಂದ ಯಾವುದೋ ಫೈಲ್ ತೆರೆದರೂ ಅದು ಸಿಸ್ಟಮ್ ಫೋಲ್ಡರ್‌ಗೆ ನೇರ ಕೈ ಹಾಕಬಹುದಿತ್ತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಲ್ಲಿ ಮೈಕ್ರೋಸಾಫ್ಟ್ ಇದನ್ನು ಬದಲಾಯಿಸಿತು. ಅಡ್ಮಿನ್ ಅಕೌಂಟಿನಲ್ಲಿ ಲಾಗಿನ್ ಆದಾಗ ವಿಂಡೋಸ್ ಎರಡು ಟೋಕನ್, ಅಂದರೆ ಅಧಿಕಾರದ ಚೀಟಿ, ತಯಾರಿಸುತ್ತದೆ: ಒಂದು ಪೂರ್ಣ ಅಧಿಕಾರದ್ದು, ಇನ್ನೊಂದು ಅಧಿಕಾರ ಕಳಚಿದ್ದು. ನೀವು ಡಬಲ್ ಕ್ಲಿಕ್ ಮಾಡಿ ತೆರೆಯುವ ನೋಟ್‌ಪ್ಯಾಡ್, ಬ್ರೌಸರ್, ಬಿಲ್ಲಿಂಗ್ ಎಲ್ಲವೂ ಎರಡನೆಯದನ್ನು ಹಿಡಿದುಕೊಂಡೇ ಓಡುತ್ತವೆ. ಹೋಟೆಲಿನ ಮಾಲೀಕರೇ ಆದರೂ ಬಡಿಸಲು ನಿಂತ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆಯ ಕೀಲಿಯನ್ನು ಕೈಯಲ್ಲಿ ಹಿಡಿದುಕೊಂಡಿರುವುದಿಲ್ಲವಷ್ಟೇ. ಪೂರ್ಣ ಟೋಕನ್ ಬೇಕಿದ್ದರೆ ಕೇಳಬೇಕು. ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಎಂಬುದು ಹಾಗೆ ಕೇಳುವ ದಾರಿ, ‘ಯೆಸ್-ನೋ’ ಪೆಟ್ಟಿಗೆ ಅದಕ್ಕೆ ನಿಮ್ಮ ಒಪ್ಪಿಗೆ.

ಆ ಸ್ಲೈಡರ್ ಇಳಿಸಿದ್ದರಿಂದ ಏಕೆ ಏನೂ ಆಗಲಿಲ್ಲ ಎಂದರೆ, ವಿಂಡೋಸ್ 8ರಿಂದ ಈಚೆಗೆ ಅದನ್ನು ತಳಕ್ಕೆ ಇಳಿಸಿದರೂ ಟೋಕನ್ ಎರಡಾಗಿಯೇ ಇರುತ್ತದೆ. ನಿಂತುಹೋಗುವುದು ಪ್ರಶ್ನೆ ಮಾತ್ರ. ಸಾಮಾನ್ಯವಾಗಿ ತೆರೆದ ನೋಟ್‌ಪ್ಯಾಡ್‌ಗೆ ಈಗಲೂ ಅಧಿಕಾರವಿಲ್ಲ. ಆದರೆ ಅಧಿಕಾರ ಕೇಳುವ ಬೇರೆ ಯಾವ ಪ್ರೋಗ್ರಾಮಿಗೂ ಈಗ ನಿಮ್ಮನ್ನು ಕೇಳದೆಯೇ ಸಿಕ್ಕಿಬಿಡುತ್ತದೆ. ಅಂದರೆ ಲಾಭವಿಲ್ಲ, ನಷ್ಟ ಮಾತ್ರ ಬಂತು. ಅದನ್ನು ಇವತ್ತೇ ಮೇಲಿನಿಂದ ಎರಡನೆಯ ಗೆರೆಗೆ ವಾಪಸ್ ಇಡಿ. ವಿಂಡೋಸ್‌ನ ಮೂಲ ಸೆಟ್ಟಿಂಗ್ ಅದೇ. ವಿಂಡೋಸ್ 7ರಲ್ಲಿ ತಳಕ್ಕೆ ಇಳಿಸಿ ರೀಸ್ಟಾರ್ಟ್ ಮಾಡಿದರೆ ನಿಜಕ್ಕೂ ಎಲ್ಲವೂ ಪೂರ್ಣ ಅಧಿಕಾರದಲ್ಲಿ ಓಡುತ್ತಿತ್ತು. ಹಳೆಯ ವಿಡಿಯೋಗಳಲ್ಲಿ ಈ ಸಲಹೆ ಇನ್ನೂ ಉಳಿದುಕೊಂಡಿರುವುದು ಅದರಿಂದ.

ಇನ್ನು ಫೈಲಿನ ಕಡೆಯಿಂದ ನೋಡಿ. ಹೋಸ್ಟ್ಸ್ ಫೈಲ್ ಇರುವುದು ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ ಎಂಬ ಫೋಲ್ಡರ್‌ಗಳ ಒಳಗೆ. ಅದರ ಮೂಲ ಪರ್ಮಿಷನ್ ಹೀಗಿರುತ್ತದೆ: ಸಿಸ್ಟಮ್‌ಗೆ ಫುಲ್ ಕಂಟ್ರೋಲ್, ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಫುಲ್ ಕಂಟ್ರೋಲ್, ಯೂಸರ್ಸ್ ಗುಂಪಿಗೆ ಓದಲು ಮಾತ್ರ. ಎಂದರೆ ಅಡ್ಮಿನ್ ಅಧಿಕಾರದಲ್ಲಿ ಓಡುವ ಯಾವುದೇ ಎಡಿಟರ್ ಇದರ ಮೇಲೆ ಸಲೀಸಾಗಿ ಬರೆಯಬಹುದು. ಈ ಫೈಲಿಗಾಗಿ ಓನರ್‌ಶಿಪ್ ಬದಲಾಯಿಸುವ ಅಗತ್ಯವೇ ಇಲ್ಲ. ಸಿಸ್ಟಮ್32ರ ಒಳಗಿನ ಡಿಎಲ್‌ಎಲ್‌ಗಳ (ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಫೈಲ್‌ಗಳು) ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಸರಿಯಾಗಿ ಸೇವ್ ಮಾಡುವ ಕ್ರಮ

(ಕಮಾಂಡ್‌ಗಳನ್ನು, ಫೈಲ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಕೀಬೋರ್ಡ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.)

ತೆರೆದಿರುವ ನೋಟ್‌ಪ್ಯಾಡ್ ಕಿಟಕಿಗಳನ್ನೆಲ್ಲ ಮೊದಲು ಮುಚ್ಚಿ. ಸ್ಟಾರ್ಟ್ ಮೆನುವಿನಲ್ಲಿ ನೋಟ್‌ಪ್ಯಾಡ್ ಎಂದು ಹುಡುಕಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಕೊಡಿ. ಎಕ್ಸ್‌ಪ್ಲೋರರ್‌ನಿಂದ ಫೈಲನ್ನು ಎಳೆದು ತಂದು ಈ ನೋಟ್‌ಪ್ಯಾಡ್ ಒಳಗೆ ಬಿಡಲು ಹೋಗಬೇಡಿ. ಕಡಿಮೆ ಅಧಿಕಾರದ ಕಿಟಕಿಯಿಂದ ಹೆಚ್ಚು ಅಧಿಕಾರದ ಕಿಟಕಿಗೆ ಎಳೆದು ಹಾಕುವುದನ್ನು ವಿಂಡೋಸ್ ಒಪ್ಪುವುದಿಲ್ಲ, ಏನೂ ಆಗದೆ ಸುಮ್ಮನಿರುತ್ತದೆ. ಫೈಲ್ ಮೆನುವಿನಿಂದ ‘ಓಪನ್’ ಕೊಟ್ಟು ಇಟಿಸಿ ಫೋಲ್ಡರ್‌ವರೆಗೆ ಹೋಗಿ. ಅಲ್ಲಿ ಫೋಲ್ಡರ್ ಖಾಲಿ ಕಂಡರೆ ಗಾಬರಿ ಬೇಡ. ನೋಟ್‌ಪ್ಯಾಡ್ ಟೆಕ್ಸ್ಟ್ ಫೈಲ್‌ಗಳನ್ನಷ್ಟೇ ತೋರಿಸುತ್ತಿರುತ್ತದೆ, ಹೋಸ್ಟ್ಸ್ ಫೈಲಿಗೆ ಬಾಲವೇ (ಹೆಸರಿನ ಕೊನೆಯ ಡಾಟ್-ಟಿಎಕ್ಸ್‌ಟಿಯಂಥ ಎಕ್ಸ್‌ಟೆನ್ಶನ್) ಇಲ್ಲ. ಕೆಳಗಿನ ಪಟ್ಟಿಯಲ್ಲಿ ‘ಆಲ್ ಫೈಲ್ಸ್’ ಆರಿಸಿ.

ಫೈಲಿನ ಕೊನೆಯಲ್ಲಿ ಹೊಸ ಸಾಲಿನಲ್ಲಿ ಮೊದಲು ಐಪಿ, ಒಂದು ಸ್ಪೇಸ್, ಆಮೇಲೆ ಹೆಸರು. ಸಾಲಿನ ಶುರುವಿನಲ್ಲಿ # ಗುರುತು ಇರಬಾರದು, ಇದ್ದರೆ ವಿಂಡೋಸ್ ಅದನ್ನು ಟಿಪ್ಪಣಿ ಎಂದು ಬಿಟ್ಟುಬಿಡುತ್ತದೆ. ಹೆಸರಿಗೆ ಮೊದಲು ಎಚ್‌ಟಿಟಿಪಿ, ಹೆಸರಾದ ಮೇಲೆ ಪೋರ್ಟ್ ನಂಬರ್, ಇವೆರಡನ್ನೂ ಹಾಕುವಂತಿಲ್ಲ. ಫೋನಿನಲ್ಲಿ ಹೇಳಿಸಿಕೊಂಡು ಬರೆದಾಗ ಹೆಚ್ಚಾಗಿ ತಪ್ಪುವುದು ಇಲ್ಲೇ. ಈಗ ಕಂಟ್ರೋಲ್-ಎಸ್ ಒತ್ತಿ.

ಸರಿಯಾಗಿದ್ದರೆ ಏನೂ ಕೇಳದೆ ಸೇವ್ ಆಗುತ್ತದೆ. ‘ಸೇವ್ ಆಸ್’ ಪೆಟ್ಟಿಗೆ ತೆರೆದುಕೊಂಡರೆ ಅದೇ ಎಚ್ಚರಿಕೆ: ಒಂದೋ ಈ ನೋಟ್‌ಪ್ಯಾಡ್‌ಗೆ ಅಡ್ಮಿನ್ ಅಧಿಕಾರ ಸಿಕ್ಕಿಲ್ಲ, ಅಥವಾ ಫೈಲಿಗೆ ರೀಡ್-ಓನ್ಲಿ ಗುರುತು ಬಿದ್ದಿದೆ. ಅಲ್ಲಿ ಬೇರೆ ಹೆಸರು ಕೊಟ್ಟು ಸೇವ್ ಮಾಡಬೇಡಿ. ಕ್ಯಾನ್ಸಲ್ ಮಾಡಿ ಕಾರಣ ನೋಡಿ. ಅಧಿಕಾರದ ಬಗ್ಗೆ ಅನುಮಾನವಿದ್ದರೆ ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನ್ ಆಗಿ ತೆರೆಯಿರಿ. ಅದರ ಕಿಟಕಿಯ ತಲೆಯಲ್ಲೇ ‘ಅಡ್ಮಿನಿಸ್ಟ್ರೇಟರ್’ ಎಂದು ಬರೆದಿರುತ್ತದೆ, ನೋಟ್‌ಪ್ಯಾಡ್ ಹಾಗೆ ಹೇಳುವುದಿಲ್ಲ. ಅಲ್ಲಿ ನೋಟ್‌ಪ್ಯಾಡ್ ಎಂದು ಹೊಡೆದು, ಮುಂದೆ ಹೋಸ್ಟ್ಸ್ ಫೈಲಿನ ಪೂರ್ತಿ ವಿಳಾಸ ಕೊಟ್ಟು ತೆರೆದರೆ ಆ ಅಧಿಕಾರವೇ ನೋಟ್‌ಪ್ಯಾಡ್‌ಗೂ ದಾಟುತ್ತದೆ.

ರೀಡ್-ಓನ್ಲಿ ಎಂಬುದು ಪರ್ಮಿಷನ್ ಅಲ್ಲ, ಬರೀ ಗುರುತು. ಕೆಲವು ಆಂಟಿವೈರಸ್‌ಗಳು, ಹಳೆಯ ಸೆಕ್ಯುರಿಟಿ ಟೂಲ್‌ಗಳು ಹೋಸ್ಟ್ಸ್ ಫೈಲಿಗೆ ಇದನ್ನು ಹಚ್ಚಿಟ್ಟು ಹೋಗುತ್ತವೆ. ಆಗ ಅಡ್ಮಿನ್ ಆಗಿದ್ದರೂ ಸೇವ್ ಆಗುವುದಿಲ್ಲ. ಜನ ಇದನ್ನು ಪರ್ಮಿಷನ್ ತೊಂದರೆ ಎಂದುಕೊಂಡು ಓನರ್‌ಶಿಪ್ ಕಡೆ ಓಡುತ್ತಾರೆ. ಫೈಲಿನ ಪ್ರಾಪರ್ಟೀಸ್ ತೆರೆದು ಟಿಕ್ ತೆಗೆದರೆ ಸಾಕು. ಕೆಲಸ ಮುಗಿದ ಮೇಲೆ ಬೇಕಿದ್ದರೆ ಮತ್ತೆ ಹಾಕಿ.

ಕಟ್-ಪೇಸ್ಟ್ ಮಾಡಿದ ಫೈಲಿಗೆ ಏನಾಗಿದೆ?

ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯವಾಗಿ ಕಂಡ ಭಾಗ ಇದು. ಪೇಸ್ಟ್ ಮಾಡುವಾಗ ‘ಕಂಟಿನ್ಯೂ’ ಬಂತು ಎಂದಿದ್ದೀರಿ. ‘ಈ ಹೆಸರಿನ ಫೈಲ್ ಆಗಲೇ ಇದೆ, ರಿಪ್ಲೇಸ್ ಮಾಡಲೇ?’ ಎಂದು ಕೇಳಿತೇ? ನೆನಪು ಮಾಡಿಕೊಳ್ಳಿ.

ಕೇಳಿಲ್ಲವಾದರೆ, ಒಳಗೆ ಹೋದದ್ದು ಹೋಸ್ಟ್ಸ್ ಅಲ್ಲ, ಹೋಸ್ಟ್ಸ್-ಡಾಟ್-ಟಿಎಕ್ಸ್‌ಟಿ. ನೋಟ್‌ಪ್ಯಾಡ್ ಡೆಸ್ಕ್‌ಟಾಪ್‌ನಲ್ಲಿ ಸೇವ್ ಮಾಡುವಾಗ ಬಾಲ ಅಂಟಿಸಿದೆ, ವಿಂಡೋಸ್ ಎಂದಿನಂತೆ ಆ ಬಾಲವನ್ನು ನಿಮ್ಮಿಂದ ಮುಚ್ಚಿಟ್ಟಿದೆ. ಇಟಿಸಿ ಫೋಲ್ಡರ್‌ನಲ್ಲಿ ಈಗ ಒಂದೇ ಹೆಸರಿನ ಎರಡು ಫೈಲ್ ಕಾಣುತ್ತಿರಬೇಕು. ಎಕ್ಸ್‌ಪ್ಲೋರರ್‌ನ ‘ವ್ಯೂ’ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಆನ್ ಮಾಡಿದರೆ ನಿಜ ಬಯಲಾಗುತ್ತದೆ. ಬಾಲ ಇರುವುದನ್ನು ಅಳಿಸಿ.

ಕೇಳಿ ‘ಯೆಸ್’ ಕೊಟ್ಟಿದ್ದರೆ, ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ಒಂದೇ ಡ್ರೈವ್‌ನ ಒಳಗೆ ಕಾಪಿ ಮಾಡಿದ ಫೈಲ್ ಹೋದ ಜಾಗದ ಪರ್ಮಿಷನ್ ಪಡೆಯುತ್ತದೆ, ಕಟ್ ಮಾಡಿ ಒಯ್ದ ಫೈಲ್ ಹುಟ್ಟಿದ ಜಾಗದ ಪರ್ಮಿಷನ್ ಹೊತ್ತುಕೊಂಡೇ ಹೋಗುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಹುಟ್ಟಿದ ಫೈಲನ್ನು ಓದಬಲ್ಲವರು ನೀವು, ಸಿಸ್ಟಮ್, ಅಡ್ಮಿನಿಸ್ಟ್ರೇಟರ್ಸ್, ಇಷ್ಟೇ. ಆದರೆ ಹೆಸರನ್ನು ಐಪಿಗೆ ತಿರುಗಿಸುವ ಡಿಎನ್‌ಎಸ್ ಕ್ಲೈಂಟ್ ಎಂಬ ಸರ್ವಿಸ್ ಓಡುವುದು ‘ನೆಟ್‌ವರ್ಕ್ ಸರ್ವಿಸ್’ ಎಂಬ ಕಡಿಮೆ ಅಧಿಕಾರದ ಅಕೌಂಟಿನಲ್ಲಿ. ಅದಕ್ಕೆ ಫೈಲ್ ತೆರೆಯಲು ಆಗುವುದಿಲ್ಲ, ಎರರ್ ಕೂಡ ತೋರಿಸುವುದಿಲ್ಲ, ಫೈಲೇ ಇಲ್ಲವೆಂಬಂತೆ ನಡೆದುಕೊಳ್ಳುತ್ತದೆ. ನೀವು ತೆರೆದರೆ ಸಾಲು ಅಚ್ಚುಕಟ್ಟಾಗಿ ಕಾಣುತ್ತದೆ, ಬಿಲ್ಲಿಂಗ್‌ಗೆ ಮಾತ್ರ ಸರ್ವರ್ ಸಿಗುವುದಿಲ್ಲ. ಈ ಕಾರಣ ಹೊಳೆಯದೆ ನೆಟ್‌ವರ್ಕ್ ಕೇಬಲ್ ಬದಲಾಯಿಸುವವರೂ ಇದ್ದಾರೆ.

ಪತ್ತೆಗೆ ಹೋಸ್ಟ್ಸ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ‘ಸೆಕ್ಯುರಿಟಿ’ ಟ್ಯಾಬ್ ನೋಡಿ. ಪಟ್ಟಿಯಲ್ಲಿ ‘ಯೂಸರ್ಸ್’ ಎಂಬ ಗುಂಪು ಇಲ್ಲದೆ ನಿಮ್ಮ ಹೆಸರು ಇದ್ದರೆ ಇದೇ ರೋಗ. ಸುಲಭದ ಮದ್ದು: ಆ ಫೈಲಿಗೆ ಹೋಸ್ಟ್ಸ್-ಓಲ್ಡ್ ಎಂದು ಹೆಸರು ಬದಲಾಯಿಸಿ, ಅಡ್ಮಿನ್ ನೋಟ್‌ಪ್ಯಾಡ್‌ನಲ್ಲಿ ಹೊಸದಾಗಿ ಸಾಲು ಬರೆದು, ‘ಸೇವ್ ಆಸ್’ನಲ್ಲಿ ‘ಆಲ್ ಫೈಲ್ಸ್’ ಆರಿಸಿ ಇಟಿಸಿ ಫೋಲ್ಡರ್‌ಗೇ ಹೋಸ್ಟ್ಸ್ ಎಂದು ಸೇವ್ ಮಾಡಿ. ಹೆಸರನ್ನು ಡಬಲ್ ಕೋಟ್ ಗುರುತಿನ ಒಳಗೆ ಕೊಟ್ಟರೆ ಬಾಲ ಅಂಟುವುದಿಲ್ಲ. ಹೊಸದಾಗಿ ಹುಟ್ಟಿದ ಫೈಲ್ ಆ ಫೋಲ್ಡರ್‌ನ ಪರ್ಮಿಷನ್ನನ್ನೇ ಪಡೆಯುತ್ತದೆ. ಇರುವ ಫೈಲಿನ ಮೇಲೆಯೇ ಸೇವ್ ಮಾಡಿದರೆ ಒಳಗಿನ ಬರಹ ಬದಲಾಗುತ್ತದೆ, ಪರ್ಮಿಷನ್ ಬದಲಾಗುವುದಿಲ್ಲ, ಅದಕ್ಕೇ ಮೊದಲು ಹೆಸರು ಬದಲಿಸಲು ಹೇಳಿದ್ದು. ಮೂಲ ಹೋಸ್ಟ್ಸ್ ಫೈಲ್ ಅಳಿದುಹೋಗಿದ್ದರೆ ಚಿಂತೆಯಿಲ್ಲ. ವಿಂಡೋಸ್ 10, 11ರಲ್ಲಿ ಅದರೊಳಗೆ ಇರುವುದೆಲ್ಲ # ಹಾಕಿದ ಟಿಪ್ಪಣಿಗಳೇ. ನಿಮ್ಮ ಒಂದೇ ಸಾಲಿನ ಫೈಲ್ ಧಾರಾಳವಾಗಿ ಸಾಕು.

‘ಸೇವ್ ಆಸ್’ ಪೆಟ್ಟಿಗೆಯಲ್ಲಿ ಎನ್‌ಕೋಡಿಂಗ್ ಎಂಬ ಪಟ್ಟಿಯೂ ಇರುತ್ತದೆ. ಅಲ್ಲಿ ಎಎನ್‌ಎಸ್‌ಐ ಅಥವಾ ಬರೀ ಯುಟಿಎಫ್-8 ಇರಲಿ. ಯುಟಿಎಫ್-16 ಆದರೆ ಫೈಲ್ ಕಣ್ಣಿಗೆ ಸರಿ ಕಂಡರೂ ವಿಂಡೋಸ್‌ಗೆ ಅರ್ಥವಾಗುವುದಿಲ್ಲ.

ಪರೀಕ್ಷೆ ಮಾಡುವಾಗಿನ ಒಂದು ಮೋಸ

ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’ ಕೊಟ್ಟು (ವಿಂಡೋಸ್ ನೆನಪಿಟ್ಟ ಹಳೆಯ ಹೆಸರು-ವಿಳಾಸಗಳನ್ನು ಇದು ಅಳಿಸುತ್ತದೆ), ಆಮೇಲೆ ಪಿಂಗ್ ಎಂದು ಹೊಡೆದು ಸರ್ವರ್ ಹೆಸರು ಕೊಡಿ. ಮೊದಲ ಸಾಲಿನಲ್ಲಿ ಹೆಸರಿನ ಪಕ್ಕ ಚೌಕ ಬ್ರಾಕೆಟ್ ಒಳಗೆ 192.168.1.20 ಬಂದರೆ ಹೋಸ್ಟ್ಸ್ ಫೈಲ್ ಕೆಲಸ ಮಾಡಿದೆ. ಅದರ ಕೆಳಗೆ ‘ಟೈಮ್ಡ್ ಔಟ್’ ಬಂದರೆ ಅದು ಮೇಲಿನ ಕಂಪ್ಯೂಟರ್‌ನ ಫೈರ್‌ವಾಲ್ ಅಥವಾ ನೆಟ್‌ವರ್ಕ್‌ನ ವಿಚಾರ, ಪರ್ಮಿಷನ್‌ಗೆ ಸಂಬಂಧವಿಲ್ಲ. ಎನ್‌ಎಸ್‌ಲುಕಪ್ ಎಂಬ ಕಮಾಂಡ್‌ನಿಂದ ಪರೀಕ್ಷಿಸಬೇಡಿ. ಅದು ಹೋಸ್ಟ್ಸ್ ಫೈಲನ್ನು ನೋಡುವುದೇ ಇಲ್ಲ, ನೇರ ಡಿಎನ್‌ಎಸ್ ಸರ್ವರ್ ಅನ್ನು ಕೇಳಿ ‘ಇಲ್ಲ’ ಎನ್ನುತ್ತದೆ. ಸಾಫ್ಟ್‌ವೇರ್ ಸಪೋರ್ಟ್‌ನವರೂ ಇದನ್ನು ನೋಡಿ ಫೈಲ್ ಸರಿಯಿಲ್ಲ ಎಂದು ಹೇಳಿಬಿಡುವುದುಂಟು.

ನೀವು ಸೇರಿಸಿದ ಸಾಲು ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಮಾಯವಾದರೆ ಆಂಟಿವೈರಸ್ ಕಡೆ ನೋಡಿ. ಹೋಸ್ಟ್ಸ್ ಫೈಲಿನ ಮೇಲೆ ಹಲವು ಆಂಟಿವೈರಸ್‌ಗಳು ಕಣ್ಣಿಟ್ಟಿರುತ್ತವೆ. ವಿಂಡೋಸ್‌ನ ಡಿಫೆಂಡರ್ ಕೂಡ, ಮೈಕ್ರೋಸಾಫ್ಟ್‌ನ ವಿಳಾಸಗಳನ್ನು ತಡೆಯುವ ಸಾಲುಗಳಿದ್ದರೆ 2020ರಿಂದ ಅದನ್ನು ಅಪಾಯವೆಂದು ಎತ್ತಿ ತೋರಿಸಿ ಫೈಲನ್ನು ಮೂಲ ಸ್ಥಿತಿಗೆ ತರುತ್ತದೆ. ನಿಮ್ಮ 192.168ರ ಸಾಲಿಗೆ ಅದು ತಕರಾರು ಮಾಡಬಾರದು. ಆದರೆ ಯಾರೋ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿ ಅದೇ ಫೈಲಿನಲ್ಲಿ ಬೇರೆ ಸಾಲುಗಳನ್ನು ತುಂಬಿದ್ದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ.

ಅಂಗಡಿಯವನ ಸಲಹೆಯಲ್ಲಿರುವ ಅಪಾಯ

ಓನರ್‌ಶಿಪ್ ಮತ್ತು ಪರ್ಮಿಷನ್ ಎರಡು ಬೇರೆ. ಓನರ್ ಆದ ಮಾತ್ರಕ್ಕೆ ಬರೆಯುವ ಹಕ್ಕು ಬರುವುದಿಲ್ಲ. ಪರ್ಮಿಷನ್ ಪಟ್ಟಿಯನ್ನು ಬದಲಾಯಿಸುವ ಹಕ್ಕು ಬರುತ್ತದೆ. ಸಿಸ್ಟಮ್32ರ ಹೆಚ್ಚಿನ ಫೈಲ್‌ಗಳ ಓನರ್ ‘ಟ್ರಸ್ಟೆಡ್‌ಇನ್‌ಸ್ಟಾಲರ್’ ಎಂಬ ಸರ್ವಿಸ್, ವಿಂಡೋಸ್ ಅಪ್‌ಡೇಟ್‌ಗಳನ್ನು ಹಾಕುವುದು ಅದೇ. ಅಲ್ಲಿ ಅಡ್ಮಿನಿಸ್ಟ್ರೇಟರ್ಸ್‌ಗೂ ಓದುವ ಹಕ್ಕು ಮಾತ್ರ. ಇದು ಬೇಕೆಂದೇ ಇಟ್ಟ ಗೋಡೆ.

ಸಿ ಡ್ರೈವ್ ಪೂರ್ತಿ ಓನರ್‌ಶಿಪ್ ತೆಗೆದುಕೊಂಡು ಎವ್ರಿವನ್‌ಗೆ ಫುಲ್ ಕಂಟ್ರೋಲ್ ಕೊಟ್ಟರೆ ಅಂದು ಸಂಜೆ ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ಒಂದೊಂದಾಗಿ ಕಾಣಿಸುತ್ತದೆ: ಸ್ಟೋರ್‌ನಿಂದ ಬಂದ ಆ್ಯಪ್‌ಗಳು ತೆರೆಯುವುದಿಲ್ಲ, ಅಪ್‌ಡೇಟ್ ಅರ್ಧಕ್ಕೆ ನಿಂತು ಹಿಂದಕ್ಕೆ ಬರುತ್ತದೆ. ಹಳೆಯ ಪ್ರೋಗ್ರಾಮ್‌ಗಳಿಗಾಗಿ ವಿಂಡೋಸ್ ಇಟ್ಟಿರುವ ‘ಅಪ್ಲಿಕೇಶನ್ ಡೇಟಾ’ದಂಥ ತೋರಿಕೆಯ ಫೋಲ್ಡರ್‌ಗಳಿವೆ. ಅವುಗಳ ಒಳಗೆ ಯಾರೂ ಇಣುಕದಂತೆ ತಡೆ ಹಾಕಿರುತ್ತದೆ. ಆ ತಡೆ ಹೋದರೆ ಕೆಲವು ಬ್ಯಾಕಪ್ ಪ್ರೋಗ್ರಾಮ್‌ಗಳು ಅದೇ ಫೋಲ್ಡರ್‌ನಲ್ಲಿ ಸುತ್ತುತ್ತ ಕೊನೆಯಿಲ್ಲದ ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಇನ್ನುಮುಂದೆ ಕೌಂಟರ್‌ನ ಹುಡುಗ ತೆರೆದ ಯಾವುದೇ ಹಾಳು ಫೈಲ್ ಯಾರ ಒಪ್ಪಿಗೆಯೂ ಇಲ್ಲದೆ ಸಿಸ್ಟಮ್ ಫೈಲ್‌ಗಳನ್ನು ಬದಲಾಯಿಸಬಲ್ಲದು.

‘ಸಿ ಡ್ರೈವ್ ಬೇಡ, ಹೋಸ್ಟ್ಸ್ ಒಂದಕ್ಕೇ ಎವ್ರಿವನ್ ಕೊಟ್ಟರೆ?’ ಎಂದು ನೀವು ಕೇಳಬಹುದು. ವಿಂಡೋಸ್ ಕೆಡುವುದಿಲ್ಲ, ನಿಜ. ಆದರೆ ಮಾಲ್‌ವೇರ್‌ಗಳಿಗೆ ಈ ಫೈಲ್ ಹಳೆಯ ಪ್ರೀತಿ. ಆಂಟಿವೈರಸ್ ಅಪ್‌ಡೇಟ್‌ನ ವಿಳಾಸವನ್ನು ಮುಚ್ಚಲು, ಬ್ಯಾಂಕಿನ ಹೆಸರನ್ನು ಬೇರೆ ಐಪಿಗೆ ತಿರುಗಿಸಲು ಒಂದು ಸಾಲು ಸಾಕು. ಬ್ರೌಸರ್ ಸರ್ಟಿಫಿಕೇಟ್ ಸರಿಯಿಲ್ಲ ಎಂದು ಎಚ್ಚರಿಸುತ್ತದೆ, ಸರಿ. ಮಧ್ಯಾಹ್ನದ ರಶ್‌ನಲ್ಲಿ ಅದನ್ನು ಓದುವವರು ಯಾರು? ವರ್ಷಕ್ಕೊಮ್ಮೆ ತಿದ್ದುವ ಫೈಲಿಗಾಗಿ ಇಷ್ಟು ಬೆಲೆ ತೆರಬೇಕಿಲ್ಲ.

ಓನರ್‌ಶಿಪ್ ತೆಗೆದುಕೊಳ್ಳುವುದು ಎಂದೂ ತಪ್ಪೆಂದು ನಾನು ಹೇಳುವುದಿಲ್ಲ. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಹೊಸ ಕಂಪ್ಯೂಟರ್‌ಗೆ ಹಾಕಿದಾಗ ನಿಮ್ಮದೇ ಡಾಕ್ಯುಮೆಂಟ್ಸ್ ತೆರೆಯದಿದ್ದರೆ ಅಲ್ಲಿ ಅದೇ ದಾರಿ. ಸಿಸ್ಟಮ್ ಫೈಲ್ ವಿಷಯದಲ್ಲಿ ಅಪರೂಪಕ್ಕೆ ಬೇಕಾದರೆ ಒಂದೇ ಫೈಲಿಗೆ ಮಾಡಿ, ಮೊದಲೇ ‘ಐಕ್ಯಾಕಲ್ಸ್’ ಕಮಾಂಡ್‌ನ ‘/ಸೇವ್’ನಿಂದ ಇರುವ ಪರ್ಮಿಷನ್ನನ್ನು ಬರೆದಿಟ್ಟುಕೊಳ್ಳಿ, ಮುಗಿದ ಮೇಲೆ ಓನರ್ ಅನ್ನು ವಾಪಸ್ ಕೊಡಿ. ವಾಪಸ್ ಕೊಡುವಾಗ ಬರೀ ಟ್ರಸ್ಟೆಡ್‌ಇನ್‌ಸ್ಟಾಲರ್ ಎಂದು ಬರೆದರೆ ‘ಅಂಥ ಹೆಸರಿಲ್ಲ’ ಎನ್ನುತ್ತದೆ. ಆ ಹೆಸರಿಗೆ ಮೊದಲು ‘ಎನ್‌ಟಿ ಸರ್ವಿಸ್’ ಮತ್ತು ಹಿಂದೋರೆ ಗೆರೆ (ಬ್ಯಾಕ್‌ಸ್ಲ್ಯಾಶ್) ಸೇರಿಸಬೇಕು. ಡಿಎಲ್‌ಎಲ್ ಕೆಟ್ಟಿದೆ ಎಂದು ಎಲ್ಲಿಂದಲೋ ಡೌನ್‌ಲೋಡ್ ಮಾಡಿ ಹೀಗೆ ತುರುಕುವುದಂತೂ ಬೇಡವೇ ಬೇಡ. ಅದಕ್ಕೆ ‘ಎಸ್‌ಎಫ್‌ಸಿ /ಸ್ಕ್ಯಾನ್‌ನೌ’ ಇದೆ. ಅದು ವಿಂಡೋಸ್‌ನ ತನ್ನದೇ ಸಂಗ್ರಹದಿಂದ ಸರಿಯಾದ ಪ್ರತಿ ತಂದು ಕೂರಿಸುತ್ತದೆ.

ಅಂಗಡಿಯವನು ಆಗಲೇ ಕೈ ಹಾಕಿಬಿಟ್ಟಿದ್ದರೆ? ಪರ್ಮಿಷನ್ ಎಲ್ಲವನ್ನೂ ರಿಸೆಟ್ ಮಾಡುವ ಕಮಾಂಡ್ ಅನ್ನು ಸಿ ಡ್ರೈವ್ ಮೇಲೆ ಓಡಿಸಬೇಡಿ. ಎಷ್ಟೋ ಫೈಲ್‌ಗಳಿಗೆ ತಮ್ಮದೇ ಪ್ರತ್ಯೇಕ ಪಟ್ಟಿ ಇರುತ್ತದೆ, ಅದೂ ಒರೆಸಿಹೋಗುತ್ತದೆ. ಬಿಲ್ಲಿಂಗ್ ಡೇಟಾವನ್ನು ಪೆನ್‌ಡ್ರೈವ್‌ಗೆ ತೆಗೆದುಕೊಂಡು, ಮೈಕ್ರೋಸಾಫ್ಟ್‌ನಿಂದ ವಿಂಡೋಸ್‌ನ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಇಳಿಸಿ, ವಿಂಡೋಸ್ ಒಳಗಿನಿಂದಲೇ ಸೆಟಪ್ ಓಡಿಸಿ ‘ಫೈಲ್ಸ್ ಮತ್ತು ಆ್ಯಪ್ಸ್ ಉಳಿಸಿಕೋ’ ಎಂಬುದನ್ನು ಆರಿಸಿದರೆ ಸಿಸ್ಟಮ್ ಫೈಲ್‌ಗಳೆಲ್ಲ ಹೊಸದಾಗಿ ಕೂರುತ್ತವೆ. ಫಾರ್ಮ್ಯಾಟ್‌ಗಿಂತ ಮೊದಲು ಮಾಡಿ ನೋಡಬೇಕಾದದ್ದು ಇದು.

ಬಿಲ್ಲಿಂಗ್ ಸಾಫ್ಟ್‌ವೇರನ್ನೇ ಅಡ್ಮಿನ್ ಆಗಿ ಓಡಿಸುವ ಚಾಳಿ

ಇದನ್ನು ನೀವು ಕೇಳಿಲ್ಲ, ಆದರೆ ಮುಂದಿನ ಸಲಹೆ ಇದೇ ಬರುತ್ತದೆ: ‘ಪರ್ಮಿಷನ್ ತೊಂದರೆ ಇದೆಯಲ್ಲ, ಬಿಲ್ಲಿಂಗ್ ಐಕಾನ್‌ಗೆ ಯಾವಾಗಲೂ ರನ್ ಆಸ್ ಅಡ್ಮಿನಿಸ್ಟ್ರೇಟರ್ ಹಾಕಿಬಿಡಿ.’ ಹಳೆಯ 32-ಬಿಟ್ ಸಾಫ್ಟ್‌ವೇರ್‌ಗಳಲ್ಲಿ ಇದರಿಂದ ಲೆಕ್ಕವೇ ತಪ್ಪುತ್ತದೆ. ಅಂಥ ಪ್ರೋಗ್ರಾಮ್ ಅಧಿಕಾರವಿಲ್ಲದೆ ಪ್ರೋಗ್ರಾಮ್ ಫೈಲ್ಸ್ ಒಳಗೆ ಬರೆಯಲು ಹೋದಾಗ ವಿಂಡೋಸ್ ಎರರ್ ಕೊಡದೆ, ಆ ಬರಹವನ್ನು ನಿಮ್ಮ ಯೂಸರ್ ಫೋಲ್ಡರ್‌ನ ಆ್ಯಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್ ಎಂಬ ಜಾಗಕ್ಕೆ ಗುಟ್ಟಾಗಿ ತಿರುಗಿಸುತ್ತದೆ. ಅದೇ ಪ್ರೋಗ್ರಾಮನ್ನು ಅಡ್ಮಿನ್ ಆಗಿ ತೆರೆದರೆ ಅದು ಅಸಲಿ ಫೋಲ್ಡರ್ ನೋಡುತ್ತದೆ. ಪರಿಣಾಮವಾಗಿ ನಿನ್ನೆಯ ಬಿಲ್‌ಗಳು ‘ಕಾಣೆ’. ಕಳೆದಿಲ್ಲ, ಎರಡು ಪ್ರತಿ ಆಗಿವೆ ಅಷ್ಟೇ. ಇಂಥ ದೂರು ಬಂದಾಗ ಮೊದಲು ತೆರೆದು ನೋಡಬೇಕಾದ್ದು ಆ ವರ್ಚುವಲ್‌ಸ್ಟೋರ್. ಶಾಶ್ವತ ಪರಿಹಾರವೆಂದರೆ ಡೇಟಾ ಫೋಲ್ಡರನ್ನು ಪ್ರೋಗ್ರಾಮ್ ಫೈಲ್ಸ್‌ನಿಂದ ಹೊರಗೆ, ಡಿ ಡ್ರೈವ್‌ನಂಥ ಕಡೆ ಇಡಿಸಿ, ಆ ಒಂದು ಫೋಲ್ಡರಿಗೆ ಮಾತ್ರ ಯೂಸರ್ಸ್‌ಗೆ ‘ಮಾಡಿಫೈ’ ಕೊಡುವುದು.

ಇನ್ನೊಂದು ತೊಡಕು: ಅಡ್ಮಿನ್ ಆಗಿ ತೆರೆದ ಪ್ರೋಗ್ರಾಮಿಗೆ ನೀವು ಮ್ಯಾಪ್ ಮಾಡಿದ ‘ಝಡ್’ ಡ್ರೈವ್ ಸಾಮಾನ್ಯವಾಗಿ ಕಾಣುವುದಿಲ್ಲ. ಆ ಮ್ಯಾಪಿಂಗ್ ಇನ್ನೊಂದು ಟೋಕನ್‌ಗೆ ಸೇರಿದ್ದು. ಡ್ರೈವ್ ಅಕ್ಷರದ ಬದಲು ಎರಡು ಹಿಂದೋರೆ ಗೆರೆ ಹಾಕಿ ಕಂಪ್ಯೂಟರ್ ಹೆಸರಿನಿಂದ ಶುರುವಾಗುವ ನೆಟ್‌ವರ್ಕ್ ವಿಳಾಸ ಕೊಟ್ಟರೆ ಈ ರಗಳೆ ಇಲ್ಲ.

ಅಷ್ಟಕ್ಕೂ ಹೋಸ್ಟ್ಸ್ ಸಾಲು ಬೇಕೇ?

ಮೇಲಿನ ಕಂಪ್ಯೂಟರ್‌ನ ಐಪಿ ರೌಟರ್ ಕೊಟ್ಟದ್ದಾದರೆ ಯಾವತ್ತೋ ಒಮ್ಮೆ, ಕರೆಂಟ್ ಹೋಗಿ ಬಂದ ಮೇಲೆ, ಅದು 20ರಿಂದ 23 ಆಗಬಹುದು. ಆಗ ನೀವು ಕಷ್ಟಪಟ್ಟು ಸೇರಿಸಿದ ಸಾಲೇ ತಪ್ಪು ದಾರಿ ತೋರಿಸುತ್ತದೆ. ಹೋಸ್ಟ್ಸ್ ಸಾಲು ಹಾಕುವುದಾದರೆ ಐಪಿ ಕಟ್ಟಿಹಾಕಲೇಬೇಕು. ಮಾಳಿಗೆಯ ಕಂಪ್ಯೂಟರ್‌ನಲ್ಲಿ ‘ಐಪಿಕಾನ್ಫಿಗ್ /ಆಲ್’ ಕೊಟ್ಟರೆ ಬರುವ ‘ಫಿಸಿಕಲ್ ಅಡ್ರೆಸ್’ ಬರೆದುಕೊಂಡು, ರೌಟರ್‌ನ ಡಿಎಚ್‌ಸಿಪಿ (ಐಪಿ ಹಂಚುವ ಸೆಟ್ಟಿಂಗ್) ಪುಟದಲ್ಲಿ ಅದಕ್ಕೆ 192.168.1.20 ಅನ್ನು ರಿಸರ್ವ್ ಮಾಡಿ. ಕಂಪ್ಯೂಟರ್‌ನಲ್ಲೇ ಸ್ಥಿರ ಐಪಿ ಹಾಕುವುದಾದರೆ ರೌಟರ್ ಹಂಚುವ ಸಾಲಿನಿಂದ ಹೊರಗಿನ ಸಂಖ್ಯೆ ಆರಿಸಿ, ಇಲ್ಲದಿದ್ದರೆ ಗಿರಾಕಿಯ ಫೋನಿಗೂ ಅದೇ ಸಂಖ್ಯೆ ಹೋಗಿ ಎರಡೂ ಜಗಳಾಡುತ್ತವೆ. (ಗಿರಾಕಿಗಳ ವೈಫೈ ಬೇರೆಯೇ ಇರಬೇಕು, ಅದು ಇನ್ನೊಂದು ಮಾತು.)

ಇನ್ನೂ ಸರಳ ದಾರಿಯೆಂದರೆ, ಮೇಲಿನ ಕಂಪ್ಯೂಟರ್‌ನ ಹೆಸರನ್ನೇ ಬಿಲ್‌ಸರ್ವರ್ ಎಂದು ಬದಲಾಯಿಸುವುದು. ಹೆಸರು 15 ಅಕ್ಷರ ಮೀರಬಾರದು. ಒಂದೇ ನೆಟ್‌ವರ್ಕ್‌ನಲ್ಲಿರುವ ವಿಂಡೋಸ್ ಕಂಪ್ಯೂಟರ್‌ಗಳು ಸಾಮಾನ್ಯವಾಗಿ ಒಂದನ್ನೊಂದು ಹೆಸರಿನಿಂದ ಹುಡುಕಿಕೊಳ್ಳುತ್ತವೆ, ಹೋಸ್ಟ್ಸ್ ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಆದರೆ ಡೇಟಾಬೇಸ್ ಹಳೆಯ ಹೆಸರಿನ ಮೇಲೆ ನಿಂತಿರಬಹುದು. ಸಾಫ್ಟ್‌ವೇರ್‌ನವರನ್ನು ಕೇಳದೆ ಬದಲಾಯಿಸಬೇಡಿ. ಅವರ ಸೆಟ್ಟಿಂಗ್‌ನಲ್ಲಿ ಹೆಸರಿನ ಜಾಗದಲ್ಲಿ ನೇರ ಐಪಿ ಬರೆಯಲು ಆಗುತ್ತದೆಯೇ ಎಂದೂ ಅದೇ ಫೋನಿನಲ್ಲಿ ಕೇಳಿಬಿಡಿ. ನನ್ನ ಅಭಿಪ್ರಾಯ ಕೇಳಿದರೆ: ರೌಟರ್‌ನಲ್ಲಿ ರಿಸರ್ವೇಶನ್, ಜೊತೆಗೆ ಹೋಸ್ಟ್ಸ್‌ನಲ್ಲಿ ಒಂದು ಸಾಲು. ಎರಡು ಕಂಪ್ಯೂಟರ್‌ನ ಹೋಟೆಲಿಗೆ ಇದಕ್ಕಿಂತ ಹೆಚ್ಚು ಬೇಡ.

ಅದರ ಜೊತೆ ಕೌಂಟರ್‌ನಲ್ಲಿ ಕೂರುವ ಹುಡುಗರಿಗೆ ಬೇರೆ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಕೊಡಿ. ಆಗ ‘ಯೆಸ್-ನೋ’ ಬದಲು ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಆ ಸ್ಥಿತಿಯಲ್ಲಿ ಅಡ್ಮಿನ್ ಆಗಿ ತೆರೆದ ನೋಟ್‌ಪ್ಯಾಡ್‌ಗೆ ಡೆಸ್ಕ್‌ಟಾಪ್ ಎಂದರೆ ಹುಡುಗನ ಡೆಸ್ಕ್‌ಟಾಪ್ ಅಲ್ಲ, ನಿಮ್ಮದು. ಸೇವ್ ಮಾಡಿದ ಫೈಲ್ ಕಾಣುತ್ತಿಲ್ಲ ಎಂದು ಹುಡುಕುವ ಮುಂಚೆ ಇದು ನೆನಪಿರಲಿ.

ಅಳಿಯನ 777

ಉಬುಂಟುವಿನಲ್ಲಿ ಹೋಸ್ಟ್ಸ್ ಫೈಲಿನ ಓನರ್ ರೂಟ್ (ಅಲ್ಲಿನ ಪೂರ್ಣ ಅಧಿಕಾರದ ಅಕೌಂಟ್), ಅದರ ಪರ್ಮಿಷನ್ 644: ರೂಟ್ ಬರೆಯಬಹುದು, ಉಳಿದವರು ಓದಬಹುದು. ಅಲ್ಲಿಯೂ ಬೇಕಾದ್ದು ಎಡಿಟರನ್ನು, ರೂಟ್ ಅಧಿಕಾರ ಕೊಡುವ ‘ಸುಡೋ’ ಕಮಾಂಡ್ ಜೊತೆ ತೆರೆಯುವುದು ಮಾತ್ರ. ‘ಸುಡೋ ನ್ಯಾನೋ’ ಎಂದು ಹೊಡೆದು ಫೈಲಿನ ವಿಳಾಸ ಕೊಟ್ಟರೆ ಮುಗಿಯಿತು. 777 ಎಂದರೆ ಎಲ್ಲರಿಗೂ ಎಲ್ಲವೂ. ಇದನ್ನು ಅವನು ಇಟಿಸಿ ಫೋಲ್ಡರ್ ಪೂರ್ತಿಗೆ ಕೊಟ್ಟ ದಿನ ಸುಡೋ ಕಮಾಂಡೇ ಮುಷ್ಕರ ಹೂಡುತ್ತದೆ: ತನ್ನ ನಿಯಮಗಳ ಫೈಲ್ ಯಾರು ಬೇಕಾದರೂ ಬರೆಯುವಂತಿದ್ದರೆ ಅದು ಓಡಲು ಒಪ್ಪುವುದಿಲ್ಲ. ಆಗ ಸರಿಪಡಿಸಲು ಬೇಕಾದ ಅಧಿಕಾರವೂ ಕೈತಪ್ಪಿ, ರಿಕವರಿ ಮೋಡ್‌ನಲ್ಲಿ ಬೂಟ್ ಮಾಡಬೇಕಾಗುತ್ತದೆ. ‘ಸುಡೋ ಎಕೋ’ ಬರೆದು > ಗುರುತಿನಿಂದ ಫೈಲಿಗೆ ಸಾಲು ತಳ್ಳಲು ಹೋಗಿ ‘ಪರ್ಮಿಷನ್ ಡಿನೈಡ್’ ಬಂತೆಂದು ಅವನು 777ಕ್ಕೆ ಹೋಗಿದ್ದರೆ, ಕಾರಣ ಇದು: ಸುಡೋ ಅನ್ವಯಿಸುವುದು ಎಕೋಗೆ ಮಾತ್ರ, > ಗುರುತಿನ ಬರವಣಿಗೆ ಮಾಡುವುದು ಅವನ ಸಾಮಾನ್ಯ ಶೆಲ್. ಅದರ ಬದಲು ಪೈಪ್ ಹಾಕಿ ‘ಸುಡೋ ಟೀ -ಎ’ಗೆ ಕೊಡಲಿ. -ಎ ಮರೆತರೆ ಹಳೆಯ ಸಾಲುಗಳೆಲ್ಲ ಅಳಿಸಿಹೋಗುತ್ತವೆ. ರೂಟ್ ಆದರೂ ಬರೆಯಲಾಗದಿದ್ದರೆ ‘ಎಲ್‌ಎಸ್‌ಅಟ್ರ್’ ಕೊಟ್ಟು ನೋಡಲಿ. ಅಲ್ಲಿ ಐ ಅಕ್ಷರ ಕಂಡರೆ ಫೈಲಿಗೆ ಬದಲಾಗದಂತೆ ಬೀಗ ಬಿದ್ದಿದೆ, ‘ಚಾಟ್ರ್ -ಐ’ ಅದನ್ನು ತೆಗೆಯುತ್ತದೆ. ಆ ಬೀಗಕ್ಕೆ 777 ಏನೂ ಮಾಡಲಾರದು.